ಎಂಜಿನ್ ಇಲ್ಲದ ವಿಮಾನಕ್ಕೆ ಎಷ್ಟು ಆಂಪಿಯರ್ ಫ್ಯೂಸ್?

ಗ್ಲೈಡರಿಗೆ ಎಂಜಿನ್ ಇಲ್ಲ. ಹದ್ದಿನಂತೆ ಏರುಗಾಳಿಯನ್ನು ಹುಡುಕಿ, ಅದರೊಳಗೇ ಸುತ್ತು ಹಾಕುತ್ತ ಮೇಲೇರುವ ವಿಮಾನ ಅದು. ಎಂಜಿನ್ನೇ ಇಲ್ಲವೆಂದ ಮೇಲೆ ವಿದ್ಯುತ್ತಿನ ತಾಪತ್ರಯ ಎಲ್ಲಿಂದ ಬಂತು ಎನ್ನುತ್ತೀರಾ? ಸಾಮಾನ್ಯವಾಗಿ ಪೈಲಟ್‌ನ ಬೆನ್ನ ಹಿಂದೆ 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತದೆ. ರೇಡಿಯೊ, ಏರಿಳಿತವನ್ನು ಸದ್ದಿನಲ್ಲಿ ತಿಳಿಸುವ ವೇರಿಯೊಮೀಟರ್, ಜಿಪಿಎಸ್, ಇನ್ನೊಂದು ಗ್ಲೈಡರ್ ಅಪಾಯದ ದಾರಿಯಲ್ಲಿ ಬಂದರೆ ಎಚ್ಚರಿಸುವ ಸ್ವಿಟ್ಜರ್‌ಲೆಂಡ್ ಮೂಲದ ಫ್ಲಾರ್ಮ್, ಎಲ್ಲಕ್ಕೂ ಅದೇ ಆಧಾರ.

ಪುಟ್ಟದೆಂದು ಅದನ್ನು ಕಡೆಗಣಿಸುವಂತಿಲ್ಲ. ಬೈಕಿನ ಬ್ಯಾಟರಿಯಷ್ಟಿರುವ 7 ಆಂಪಿಯರ್-ಅವರ್ ಬ್ಯಾಟರಿಯ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ನೂರಾರು ಆಂಪಿಯರ್ ನುಗ್ಗಬಹುದು. ತಂತಿ ಕೆಂಪಗೆ ಕಾಯುತ್ತದೆ, ಹೊದಿಕೆ ಸುಟ್ಟು ಹೊಗೆಯೇಳುತ್ತದೆ. ಕಾಲು ಚಾಚಿ ಮಲಗಿದಂತೆ ಕೂತಿರುವ ಪೈಲಟ್ ಆ ಕಿರಿದಾದ ಗೂಡಿನಿಂದ ಓಡುವುದೆಲ್ಲಿಗೆ?

ಆದ್ದರಿಂದ ಮೊದಲ ಪಾಠ: ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯನ್ನು ಕಾಪಾಡಲು, ಉಪಕರಣವನ್ನಲ್ಲ. 22 ಗೇಜಿನ ತೆಳು ತಂತಿಗೆ 5 ಆಂಪಿಯರ್ ಮೀರಬಾರದು. ಅದಕ್ಕೆ 15ರ ಫ್ಯೂಸ್ ಹಾಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ; ಫ್ಯೂಸ್ ಗಟ್ಟಿಯಾಗಿ ಉಳಿದು ತಂತಿ ಸುಡುತ್ತದೆ. ಹಳೆಯ ಮನೆಗಳಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದರಲ್ಲ, ಅದೇ ಕಥೆ.

ಎರಡನೆಯದು, ಜಾಗ. ಮುಖ್ಯ ಫ್ಯೂಸ್ ಬ್ಯಾಟರಿಗೆ ಅಂಟಿಕೊಂಡಂತಿರಬೇಕು. ಅದನ್ನು ಮುಂದಿನ ಪ್ಯಾನೆಲ್ಲಿನಲ್ಲಿಟ್ಟರೆ ಸೀಟಿನ ಅಡಿಯಿಂದ ಹಾದುಬರುವ ತಂತಿಗೆ ರಕ್ಷಣೆಯೇ ಇಲ್ಲ.

ಮೂರನೆಯದು, ಪಾಲು. ರೇಡಿಯೊ ಸುಮ್ಮನೆ ಕೇಳುವಾಗ ಒಂದು ಆಂಪಿಯರನ್ನೂ ಬೇಡುವುದಿಲ್ಲ. ಮಾತಾಡುವ ಗುಂಡಿ ಒತ್ತಿದಾಗ ಎರಡರವರೆಗೂ ಎಳೆಯಬಹುದು. ಅದಕ್ಕೆ 3 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಸಾಕು. ಫ್ಲಾರ್ಮ್‌ಗೆ, ವೇರಿಯೊಗೆ ಇನ್ನೂ ಚಿಕ್ಕವು. ಎಲ್ಲಕ್ಕೂ ಒಂದೇ ಫ್ಯೂಸ್ ಇದ್ದರೆ ವೇರಿಯೊದ ಒಂದು ದೋಷ ಫ್ಲಾರ್ಮನ್ನೂ ಮೂಕವಾಗಿಸುತ್ತದೆ. ಅದೂ ಒಂದೇ ಏರುಗಾಳಿಯಲ್ಲಿ ಹತ್ತಾರು ಗ್ಲೈಡರುಗಳು ಸುತ್ತುತ್ತಿರುವಾಗ! ಮುಖ್ಯ ಫ್ಯೂಸ್ ಕವಲಿನವುಗಳಿಗಿಂತ ಸಾಕಷ್ಟು ದೊಡ್ಡದಿರಲಿ, ಅದರ ತಂತಿಯೂ ಅಷ್ಟೇ ದಪ್ಪವಿರಲಿ.

ಇನ್ನು ಫ್ಯೂಸೋ, ಸರ್ಕ್ಯೂಟ್ ಬ್ರೇಕರೋ? ಫ್ಯೂಸ್ ಅಗ್ಗ, ನಂಬಿಕಸ್ಥ. ಆದರೆ ಹಾರಾಟದ ನಡುವೆ ಗಾಜಿನ ಕೊಳವೆ ತಡಕಾಡುವುದು ಅಪಾಯ. ಬ್ರೇಕರಿನ ಗುಂಡಿ ಹೊರಗೆ ಜಿಗಿದು ದೋಷ ಎಲ್ಲಿದೆಯೆಂದು ತೋರಿಸುತ್ತದೆ. ಆದರೆ ಅದನ್ನು ಮತ್ತೆ ಮತ್ತೆ ಒತ್ತುವ ಚಪಲ ಕೆಟ್ಟದ್ದು. ಅದು ಜಿಗಿದದ್ದು ಸುಮ್ಮನಲ್ಲ. ಪ್ರತಿ ಒತ್ತುವಿಕೆಯೂ ದೋಷವಿರುವ ತಂತಿಯನ್ನು ಮತ್ತೆ ಕಾಯಿಸುತ್ತದೆ. ಉಪಕರಣ ಅನಿವಾರ್ಯವಲ್ಲದಿದ್ದರೆ ನೆಲಕ್ಕಿಳಿಯುವ ತನಕ ಹಾಗೇ ಬಿಡುವುದು ಜಾಣತನ.

ಮನೆಯ ಎಂಸಿಬಿ ತಂದು ಕೂರಿಸೋಣವೆಂದರೆ ಅದೂ ಸಲ್ಲ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತದೆ. ಆಗ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ನೇರ ವಿದ್ಯುತ್ತಿಗೆ ಆ ಬಿಡುವಿಲ್ಲ. ಆದ್ದರಿಂದ ಡಿಸಿ ವೋಲ್ಟೇಜ್ ನಮೂದಿಸಿದ್ದನ್ನೇ ಕೊಳ್ಳಬೇಕು. ಲಿಥಿಯಂ ಬ್ಯಾಟರಿ ಇನ್ನೂ ರಭಸದಿಂದ ನುಗ್ಗಿಸಬಲ್ಲದು. ಅದಕ್ಕೆ ಎಷ್ಟು ಸಾವಿರ ಆಂಪಿಯರನ್ನು ತಡೆದು ನಿಲ್ಲಿಸೀತು ಎಂಬ ಅಂಕಿಯನ್ನೂ ನೋಡಬೇಕು.

ಎಲ್ಲ ಫ್ಯೂಸೂ ಹೋದವೆನ್ನಿ. ಆಗಲೂ ವೇಗ, ಎತ್ತರ ತೋರಿಸುವ ಹಳೆಯ ಮುಳ್ಳಿನ ಮಾಪಕಗಳು ಗಾಳಿಯ ಒತ್ತಡದಿಂದಲೇ ನಡೆಯುತ್ತವೆ. ಫ್ಯೂಸ್ ಹೋದ ಗ್ಲೈಡರ್ ಕ್ಷೇಮವಾಗಿ ಇಳಿಯಬಲ್ಲದು. ತಂತಿಗೆ ಬೆಂಕಿ ಬಿದ್ದರೆ ಮಾತ್ರ ಪೈಲಟ್‌ಗೆ ಉಳಿಯುವುದು ಬೆನ್ನಿಗೆ ಕಟ್ಟಿಕೊಂಡ ಪ್ಯಾರಾಚೂಟ್ ಒಂದೇ.