ಸದ್ದು ನಿಂತ ಉಬ್ಬಸ

ಆಷಾಢದ ಮಳೆ. ಹರಿಹರಪುರದ ಹತ್ತಿರ ಒಂದು ಅಡಿಕೆ ತೋಟದ ಮನೆ ಎಂದಿಟ್ಟುಕೊಳ್ಳಿ. ತುಂಗೆ ತುಂಬಿ ಹರಿಯುತ್ತಿದೆ, ಸಂಜೆಯೇ ಕರೆಂಟು ಹೋಗಿದೆ. ಒಂಬತ್ತನೆಯ ತರಗತಿಯ ಹುಡುಗನಿಗೆ ಎರಡು ದಿನದಿಂದ ಶೀತ. ರಾತ್ರಿಯ ಹೊತ್ತಿಗೆ ಉಬ್ಬಸ ಕೆರಳಿ, ಎದೆಯ ಸುಯ್ ಸುಯ್ ಸದ್ದು ಜಗಲಿಯವರೆಗೂ ಕೇಳಿಸುತ್ತಿದೆ. ಅಮ್ಮ ಬೆನ್ನು ನೀವುತ್ತಾಳೆ, ಅಜ್ಜಿ ಕಷಾಯ ಕಾಸಿ ಕೊಡುತ್ತಾಳೆ. ನಡುರಾತ್ರಿ ಕಳೆದ ಮೇಲೆ ಸದ್ದು ತಗ್ಗುತ್ತದೆ. ಹುಡುಗ ಗೋಡೆಗೊರಗಿ ತೂಕಡಿಸುತ್ತಾನೆ. ‘ಸದ್ಯ, ಇಳಿಯಿತು. ಬೆಳಿಗ್ಗೆ ಕೊಪ್ಪಕ್ಕೆ ಕರೆದುಕೊಂಡು ಹೋದರಾಯಿತು’ ಎಂದು ಅಪ್ಪ ದೀಪ ಸಣ್ಣದು ಮಾಡುತ್ತಾರೆ.

ಇದು ಊಹೆಯ ಚಿತ್ರ. ಆದರೆ ಅಸ್ತಮಾ ಇರುವ ಮಗುವಿನ ತಂದೆತಾಯಂದಿರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಸದ್ದು ನಿಂತಿತೆಂದರೆ ಕಾಯಿಲೆ ಇಳಿಯಿತೆಂದು ಅರ್ಥವೇ? ಯಾವಾಗಲೂ ಅಲ್ಲ.

ಕೊಳಲಿಗೆ ಗಾಳಿ ಊದಿದರೆ ತಾನೆ ನಾದ? ಸಂಕುಚಿಸಿದ ಶ್ವಾಸನಾಳದಲ್ಲಿ ಗಾಳಿ ನುಸುಳುವುದರಿಂದಲೇ ಉಬ್ಬಸದ ಸದ್ದು. ನಾಳಗಳು ಮತ್ತಷ್ಟು ಬಿಗಿದು, ಗಟ್ಟಿ ಕಫ ತುಂಬಿ, ಗಾಳಿಯ ಓಡಾಟವೇ ಅತ್ಯಲ್ಪವಾದಾಗ ಸದ್ದೂ ಅಡಗುತ್ತದೆ. ಇದನ್ನು ವೈದ್ಯರು ‘ಮೌನ ಎದೆ’ ಎನ್ನುತ್ತಾರೆ. ತೂಕಡಿಕೆಯೂ ಅಷ್ಟೇ ಅಪಾಯದ ಗುರುತು. ಉಬ್ಬಸದ ಆರಂಭದಲ್ಲಿ ಮಗು ಬೇಗಬೇಗ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಿರುತ್ತದೆ. ಉಸಿರಾಟದ ಸ್ನಾಯುಗಳು ದಣಿದು ಸೋತಾಗ ಅದು ಏರತೊಡಗುತ್ತದೆ, ಮಗುವಿಗೆ ಮಂಪರು ಕವಿಯುತ್ತದೆ. ಅದು ನೆಮ್ಮದಿಯ ನಿದ್ದೆಯಲ್ಲ.

ತೀವ್ರ ಉಬ್ಬಸದಲ್ಲಿ ಇನ್ನೂ ಕೆಲವು ತೊಡಕುಗಳುಂಟು. ಇವು ಅಪರೂಪ, ಗಾಬರಿ ಬೇಡ. ಗುರುತು ತಿಳಿದಿದ್ದರೆ ಸಾಕು.

ಮೊದಲನೆಯದು ಗಾಳಿ ಸೋರುವುದು. ಒಳಗೆ ಹೋದ ಗಾಳಿ ಹೊರಬರಲಾರದೆ ಶ್ವಾಸಕೋಶ ಉಬ್ಬುತ್ತದೆ. ಜೋರು ಕೆಮ್ಮಿನ ಒತ್ತಡಕ್ಕೆ ಅದರ ಪುಟ್ಟ ಗಾಳಿಚೀಲಗಳು ಒಡೆಯಬಹುದು. ಸೋರಿದ ಗಾಳಿ ಶ್ವಾಸನಾಳಗಳ ಗುಂಟ ಸಾಗಿ ಹೃದಯದ ಸುತ್ತಲಿನ ಜಾಗ ಸೇರುತ್ತದೆ, ಅಲ್ಲಿಂದ ಕತ್ತಿನ ಚರ್ಮದಡಿಗೂ ಏರುತ್ತದೆ. ಆಗ ಎದೆಯ ನಡುವೆ ನೋವು, ನುಂಗುವಾಗ ನೋವು, ದನಿಯಲ್ಲಿ ಬದಲಾವಣೆ. ಕತ್ತಿನ ಬಳಿ ಊತ ಕಂಡು ಮೆಲ್ಲಗೆ ಒತ್ತಿದರೆ ಮಂಡಕ್ಕಿ ಪೊಟ್ಟಣ ಅದುಮಿದಂತೆ ಚರಚರ ಎನ್ನುತ್ತದೆ. ಹದಿಹರೆಯದವರಲ್ಲಿ ಇದು ಕಾಣಿಸಿಕೊಳ್ಳುವುದುಂಟು. ನೋಡಿದವರಿಗೆ ದಿಗಿಲಾದರೂ ವಿಶ್ರಾಂತಿ ಮತ್ತು ಅಸ್ತಮಾ ಚಿಕಿತ್ಸೆಯಿಂದ ಬಹುತೇಕ ಕೆಲವೇ ದಿನಗಳಲ್ಲಿ ತಾನಾಗಿ ಕರಗುತ್ತದೆ.

ಅದೇ ಗಾಳಿ ಶ್ವಾಸಕೋಶದ ಹೊರಪೊರೆಗಳ ನಡುವೆ ಸೇರಿದರೆ ವಿಷಯ ಬೇರೆ. ಶ್ವಾಸಕೋಶ ಕುಗ್ಗಿಹೋಗುತ್ತದೆ. ಒಂದೇ ಬದಿಯಲ್ಲಿ ಥಟ್ಟನೆ ಚುಚ್ಚುವ ನೋವು ಬಂದು, ಔಷಧಿ ಕೊಟ್ಟರೂ ಏದುಸಿರು ಹೆಚ್ಚುತ್ತಾ ಹೋದರೆ ಇದನ್ನು ಶಂಕಿಸಬೇಕು. ಎದೆಗೆ ನಳಿಕೆ ಹಾಕಿ ಗಾಳಿ ತೆಗೆಯಬೇಕಾಗಬಹುದು. ಅದು ಆಸ್ಪತ್ರೆಯ ಕೆಲಸ, ತಡವಾಗಬಾರದು.

ಎರಡನೆಯದು ಗಟ್ಟಿ ಕಫ ಬಿರಡೆಯಂತೆ ನಾಳವನ್ನು ಮುಚ್ಚಿ ಶ್ವಾಸಕೋಶದ ಒಂದು ಭಾಗ ಮುದುಡುವುದು. ಎಕ್ಸ್-ರೇಯಲ್ಲಿ ಇದು ನ್ಯುಮೋನಿಯಾದಂತೆ ಕಾಣುವುದೂ ಉಂಟು.

ಮೂರನೆಯದು ಅಪರೂಪದಲ್ಲಿ ಅಪರೂಪ. ಉಬ್ಬಸದಿಂದ ಚೇತರಿಸಿಕೊಳ್ಳುತ್ತಿರುವ ಮಗುವಿಗೆ ಕೆಲವೇ ದಿನಗಳಲ್ಲಿ ಒಂದು ಕೈಯೋ ಕಾಲೋ ಪೋಲಿಯೊದಂತೆ ಸೋತುಹೋಗುವುದು. ಆಸ್ಟ್ರೇಲಿಯದ ವೈದ್ಯ ಹಾಪ್ಕಿನ್ಸ್ 1974ರಲ್ಲಿ ಇದನ್ನು ವರ್ಣಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಪೋಲಿಯೊ ಲಸಿಕೆ ಪಡೆದ ಮಕ್ಕಳಲ್ಲೂ ಇದು ಕಂಡುಬಂದಿದೆ. ದಮ್ಮು ಹೋಯಿತೆಂದು ಮನೆಗೆ ಬಂದ ಮೇಲೆ ಮಗು ‘ಕೈ ಎತ್ತಲಾಗುವುದಿಲ್ಲ’ ಎಂದರೆ ನೆಪವೆಂದು ಗದರಬೇಡಿ, ವೈದ್ಯರಿಗೆ ತೋರಿಸಿ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಅಧ್ಯಯನ ಮಾಡಿದಾಗ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಮಲೆನಾಡಿನಲ್ಲಿ ನಗರದ ಹೊಗೆಯಿಲ್ಲ, ನಿಜ. ಆದರೆ ಮಳೆಗಾಲದ ಥಂಡಿ, ಗೋಡೆಯ ಬೂಷ್ಟು, ಬಚ್ಚಲೊಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ ಎಲ್ಲವೂ ಉಬ್ಬಸವನ್ನು ಕೆರಳಿಸಬಲ್ಲವು. ಜೊತೆಗೆ ದೂರದ ಸಮಸ್ಯೆ. ಕೊಪ್ಪ, ಶೃಂಗೇರಿ ಹತ್ತಿರವೇ ಇದ್ದರೂ ದೊಡ್ಡ ಆಸ್ಪತ್ರೆಗೆ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕು. ಮಳೆಗಾಲದ ರಾತ್ರಿ ಅದು ಸಣ್ಣ ದಾರಿಯಲ್ಲ. ಪಟ್ಟಣದವರು ಒಂದು ಗಂಟೆ ಕಾದು ನೋಡಬಹುದಾದರೆ, ನಾವು ಆ ಒಂದು ಗಂಟೆ ಮೊದಲೇ ಹೊರಡಬೇಕು.

ಯಾವಾಗ ಹೊರಡಬೇಕು? ಒಂದು ಪೂರ್ತಿ ವಾಕ್ಯ ಹೇಳಲು ಮಗುವಿಗೆ ಉಸಿರು ಸಾಲದಿದ್ದರೆ, ಪಕ್ಕೆಲುಬುಗಳ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಗೆ ಸೆಳೆಯುತ್ತಿದ್ದರೆ, ತುಟಿ, ಉಗುರು ನೀಲಿಗಟ್ಟಿದರೆ, ಮಂಪರು ಬಂದರೆ, ಮೇಲೆ ಹೇಳಿದ ಎದೆನೋವು, ಕತ್ತಿನ ಊತ ಕಂಡರೆ, ಇನ್‌ಹೇಲರ್ ಕೊಟ್ಟರೂ ಗುಣ ಕಾಣದಿದ್ದರೆ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಮಗುವನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್‌ಬ್ಯುಟಮಾಲ್ ಇನ್‌ಹೇಲರನ್ನು ಸ್ಪೇಸರ್ ಮೂಲಕ, ಒಂದೊಂದೇ ಸಲ ಒತ್ತಿ, ವೈದ್ಯರು ಮೊದಲೇ ತಿಳಿಸಿದ ಪ್ರಮಾಣದಲ್ಲಿ ಕೊಡಿ. ಆರು ವರ್ಷ ದಾಟಿದವರಿಗೆ ಸಾಮಾನ್ಯವಾಗಿ 4ರಿಂದ 10 ಸಲ. ಮೊದಲ ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಪುನಃ ಕೊಡಬಹುದು. ನಿದ್ದೆ ಬರಿಸುವ ಯಾವ ಔಷಧಿಯೂ ಬೇಡ.

ಇಷ್ಟು ದೂರ ಹೋಗದಂತೆ ತಡೆಯುವುದೇ ಜಾಣತನ. ಇನ್‌ಹೇಲರ್ ಚಟವಾಗುತ್ತದೆಂಬ ಮಾತು ಸುಳ್ಳು. ಕೆರಳಿದಾಗ ಮಾತ್ರ ಸಾಲ್‌ಬ್ಯುಟಮಾಲ್ ಎಳೆದುಕೊಂಡು ದಿನ ತಳ್ಳುವುದೂ ಸರಿಯಲ್ಲ. ಹನ್ನೆರಡು ದಾಟಿದವರಿಗೆ ಅದೊಂದನ್ನೇ ಕೊಡಬಾರದು, ನಾಳದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಸಹ ಬೇಕೆಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತಿದೆ. ಮೃಗಶಿರಾ ಮಳೆಯ ಹೊತ್ತಿಗೆ ಮೀನಿನ ಔಷಧಿಗೆಂದು ಹೈದರಾಬಾದಿಗೆ ಹೋಗಿಬರುವವರೂ ಇದನ್ನು ನಿಲ್ಲಿಸಬಾರದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಇನ್‌ಹೇಲರನ್ನು ನಾಚಿಕೆಯಿಂದ ಮನೆಯಲ್ಲಿ ಬಿಟ್ಟು ಬರಬೇಡಿ, ಪುಸ್ತಕದ ಚೀಲದಲ್ಲಿರಲಿ. ಅದು ಎಲ್ಲಿದೆಯೆಂದು ಮೇಷ್ಟರಿಗೂ ಪಕ್ಕದ ಗೆಳೆಯನಿಗೂ ಗೊತ್ತಿರಲಿ.

ಆ ತೋಟದ ಮನೆಯ ಅಪ್ಪ ದೀಪ ಸಣ್ಣದು ಮಾಡುವ ಮೊದಲು ಒಮ್ಮೆ ಮಗನನ್ನು ಮಾತಾಡಿಸಲಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬರದಿದ್ದರೆ ಬೆಳಗಿಗೆ ಕಾಯಬಾರದು.