ಪಹಣಿಯಲ್ಲಿ ಉಳಿದ ಹೆಸರು

ನನ್ನ ಸೋದರಮಾವನವರ ವೈಕುಂಠ ಸಮಾರಾಧನೆ ಮುಗಿದು, ದೂರದ ಊರುಗಳಿಂದ ಬಂದಿದ್ದ ಬಂಧುಗಳೆಲ್ಲ ಹಿಂದಿರುಗಿದ ಮರುದಿನ, ಅತ್ತೆಯವರು ದೇವರಮನೆಯ ಪಕ್ಕದ ಕೋಣೆಯಿಂದ ಕಬ್ಬಿಣದ ಟ್ರಂಕೊಂದನ್ನು ನಡುಮನೆಗೆ ತರಿಸಿ, ಅದರ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಐವತ್ತು ವರ್ಷಗಳ ದಾಂಪತ್ಯದಲ್ಲಿ ಅದನ್ನು ಅವರು ಒಮ್ಮೆಯೂ ತೆರೆದು ನೋಡಿದವರಲ್ಲ. ಒಳಗೆ ಸೆಣಬಿನ ಹುರಿಯಲ್ಲಿ ಕಟ್ಟಿದ ಕಂದಾಯದ ರಸೀದಿಗಳು, ಅಂಚನ್ನು ಹುಳು ತಿಂದ ಒಂದು ಕ್ರಯಪತ್ರ, 2017ರಲ್ಲಿಯೇ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದ ಮೈಸೂರು ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲಕ್ಕೂ ಕೆಳಗೆ 2 ಎಕರೆ 10 ಗುಂಟೆ ಗದ್ದೆಯ ಪಹಣಿ. ಅದರಲ್ಲಿದ್ದ ಹೆಸರು ಮಾವನವರದಲ್ಲ, 1962ರಲ್ಲಿ ತೀರಿಕೊಂಡ ಅಜ್ಜನವರದು.

ಆರು ದಶಕಗಳ ಕಾಲ ಆ ಗದ್ದೆಯನ್ನು ಉತ್ತು, ಬಿತ್ತಿ, ತಪ್ಪದೆ ಕಂದಾಯ ಕಟ್ಟಿದ ಮಾವನವರು, ಪೌತಿ ಖಾತೆಯೊಂದನ್ನು ಮಾತ್ರ ಮುಂದಿನ ಬೇಸಗೆಗೆ, ಅದರ ಮುಂದಿನ ಬೇಸಗೆಗೆ ಎಂದು ದೂಡುತ್ತ ಬಂದು, ಆ ಹೊರೆಯನ್ನು ಎಪ್ಪತ್ತು ದಾಟಿದ ಪತ್ನಿಗೆ ಬಿಟ್ಟುಹೋದರು. ಅಜ್ಜನವರ ಮರಣ ಎಲ್ಲಿಯೂ ದಾಖಲಾಗಿರಲಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದೂ, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅದು ದಾಖಲಾಗದೆಂಬುದೂ ನಮಗೆ ತಿಳಿದದ್ದು ಆಗಲೇ.

ನಾಡಕಚೇರಿಗೆ ಅಲೆದು ಪಡೆದ ವಂಶವೃಕ್ಷದಲ್ಲಿ ಅಜ್ಜನವರ ಮಗಳಾದ ನನ್ನ ತಾಯಿಯ ಹೆಸರೂ ಇದ್ದಿತು. ಗದ್ದೆ ಅಜ್ಜನವರ ಸ್ವಯಾರ್ಜಿತ, ಉಯಿಲು ಬರೆದವರಲ್ಲ. ಹಾಗೆ ತೀರಿಕೊಂಡ ಹಿಂದೂ ಪುರುಷನ ಆಸ್ತಿಯಲ್ಲಿ ಪತ್ನಿಗೂ ತಾಯಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾದ ಭಾಗವನ್ನು 1956ರ ಉತ್ತರಾಧಿಕಾರ ಕಾಯಿದೆಯೇ ವಿಧಿಸಿದೆಯಾದ್ದರಿಂದ, ನನ್ನ ತಾಯಿ ತನ್ನ ಹದಿನೆಂಟನೆಯ ವಯಸ್ಸಿನಿಂದಲೂ ಆ ಗದ್ದೆಯ ಪಾಲುದಾರಳಾಗಿದ್ದಳು; ಅದನ್ನು ಅವಳಿಗೆ ಹೇಳಿದವರಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕುಳಿತು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಮುನ್ನ ಆಕೆ ನನಗೆ ಹೇಳಿದ್ದು ಇಷ್ಟೆ: "ಅಣ್ಣ ಇದ್ದಾಗ ಒಂದು ಮಾತು ಕೇಳಿದ್ದರೆ ಸಾಕಾಗಿತ್ತಪ್ಪಾ."

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸೂತಕ ಕಳೆಯುವ ಮೊದಲೇ, ತಂದೆಯ ಭಾವಚಿತ್ರದ ಮುಂದಿನ ದೀಪ ಇನ್ನೂ ಉರಿಯುತ್ತಿರುವಾಗಲೇ, ಹೆಣ್ಣುಮಕ್ಕಳ ಮುಂದೆ ಬಿಡುಗಡೆ ಪತ್ರವನ್ನಿರಿಸಿ, ಅರಿಶಿನ ಕುಂಕುಮಕ್ಕೆಂದು ಅಲ್ಪ ಹಣವನ್ನು ಕೈಗಿಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ರುಜುವನ್ನು ಔದಾರ್ಯವೆಂದು ಕರೆಯುವುದು ಅನ್ಯಾಯವೆಂದು ನಾನು ತಿಳಿದಿದ್ದೇನೆ. ಪಿತ್ರಾರ್ಜಿತದಲ್ಲಿಯೂ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಕರ್ನಾಟಕವು, ಅಂದಿಗೆ ಅವಿವಾಹಿತರಾಗಿದ್ದವರ ಮಟ್ಟಿಗೆ, 1994ರಲ್ಲಿಯೇ ನೀಡಿತು. 2005ರಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. ತಂದೆ ಆಗ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಮಗಳು ತನ್ನ ಭಾಗವನ್ನು ಬಿಟ್ಟುಕೊಡುವುದಾದರೆ, ಅದೇನೆಂದು ಅರಿತು, ದುಃಖ ಶಮನವಾದ ಮೇಲೆ, ಸ್ವಸಂತೋಷದಿಂದ ಬಿಟ್ಟುಕೊಡಲಿ.

ಉಯಿಲಿನ ಮಾತೆತ್ತಿದರೆ ಅಪಶಕುನವೆಂದು ಹಿರಿಯರು ಮುಖ ತಿರುಗಿಸುತ್ತಾರೆ. ತಮ್ಮ ಅಸ್ಥಿಯನ್ನು ಯಾವ ನದಿಯಲ್ಲಿ ವಿಸರ್ಜಿಸಬೇಕೆಂಬುದನ್ನು ನಿಸ್ಸಂಕೋಚವಾಗಿ ಹೇಳಬಲ್ಲವರು, ಗದ್ದೆ ಯಾರಿಗೆಂಬುದನ್ನು ಬರೆದಿಡಲು ಹಿಂಜರಿಯಬೇಕಾದ ಕಾರಣ ನನಗೆ ಕಾಣದು. ಅದಕ್ಕೆ ಛಾಪಾ ಕಾಗದ ಬೇಡ. ನೋಂದಣಿ ಕ್ಷೇಮಕರವಾದರೂ ಕಡ್ಡಾಯವಲ್ಲ. ಬರೆದವರ ರುಜುವೂ, ಆ ರುಜುವನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ರುಜುವೂ ಇದ್ದರಾಯಿತು. ಮನಸ್ಸು ಬದಲಾದರೆ ಮತ್ತೊಂದು ಬರೆಯಬಹುದು. ಆದರೆ ಬರೆಯುವವರು ಕೊಡಬಲ್ಲದ್ದು ತಮ್ಮ ಸ್ವಂತ ಭಾಗವನ್ನು ಮಾತ್ರ.

ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಬರೆಸಿದ್ದೇನೆ, ಅಷ್ಟು ಸಾಕು ಎನ್ನುವವರಿಗೂ ಒಂದು ಮಾತು. ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸತಕ್ಕವನೇ ಹೊರತು, ಅಷ್ಟರಿಂದಲೇ ಒಡೆಯನಾಗುವುದಿಲ್ಲ. ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೀಗೆಯೇ ತೀರ್ಪಿತ್ತಿತು. ಇನ್ನು, ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಆಮೇಲೂ ವಾರಸುದಾರರು ಅದನ್ನು ಕೇಳಿ ಪಡೆಯಬಹುದು, ಅದು ಇದೆಯೆಂಬುದು ಅವರಿಗೆ ತಿಳಿದಿದ್ದರೆ.

ಆದಕಾರಣ ಈ ವಾರವೇ ನಿಮ್ಮ ಜಮೀನಿನ ಪಹಣಿಯ ಪ್ರತಿಯೊಂದನ್ನು ತೆಗೆಸಿ, ಅದರಲ್ಲಿ ಯಾರ ಹೆಸರಿದೆಯೆಂಬುದನ್ನು ನೋಡಬೇಕೆಂದೂ, ಮನೆಯ ಟ್ರಂಕಿನಲ್ಲಿ ಏನೇನಿದೆಯೆಂಬುದನ್ನು ಮಡದಿಯನ್ನೂ, ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲರನ್ನೂ ಕೂಡಿಸಿಕೊಂಡು ತೋರಿಸಬೇಕೆಂದೂ ನನ್ನ ಪ್ರಾರ್ಥನೆ.