ಮೆಟಡೋರ್ ಒಳಗಿನ ಅರ್ಥಶಾಸ್ತ್ರ

ಹಳೆಯ ವ್ಯಾನನ್ನು ಕೊಂಡು, ಒಳಗಿನ ಆಸನಗಳನ್ನು ಕಿತ್ತು, ಹಾಸಿಗೆ, ಕಪಾಟು, ಪುಟ್ಟ ಅಡುಗೆಕಟ್ಟೆಗಳನ್ನು ಅಳವಡಿಸಿ ಊರೂರು ಸುತ್ತುವ ಹವ್ಯಾಸ ಈಚೆಗೆ ಬೆಂಗಳೂರಿನಲ್ಲಿಯೂ ಕಾಣಿಸಿಕೊಂಡಿದೆ. ಇದರ ಮೂಲ ಜರ್ಮನಿಯದು. ಫೋಕ್ಸ್‌ವ್ಯಾಗನ್ ಕಂಪನಿಯು 1950ರಲ್ಲಿ ತನ್ನ ವ್ಯಾನನ್ನು ತಯಾರಿಸಲಾರಂಭಿಸಿದ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಮನೆಯನ್ನೇ ಕೂರಿಸುವ ಸಾಮಗ್ರಿಯನ್ನು ಮಾರತೊಡಗಿತು. ಅಂತಹ ವ್ಯಾನುಗಳು ಇಂದು ಸಂಗ್ರಹಕಾರರ ಪಾಲಿಗೆ ಚಿನ್ನ.

ನಾನು ಈ ಕಲೆಯನ್ನು ಮೊದಲು ಕಂಡದ್ದು ಮಾತ್ರ ವಡಗೇರಾದಲ್ಲಿ. ಅದು 1990ರ ದಶಕದ ಆರಂಭ. ವಡಗೇರಾ ಆಗ ಗುಲಬರ್ಗಾ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ವಡಗೇರಾ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಅನಂತರ. ಭೀಮಾ ಮತ್ತು ಕೃಷ್ಣೆಯರ ನಡುವಿನ ಆ ಕಪ್ಪುನೆಲದಲ್ಲಿ ಬಸ್ಸುಗಳು ವಿರಳ, ಜನ ಬಹಳ. ಆ ಕೊರತೆಯನ್ನು ತುಂಬುತ್ತಿದ್ದುದು ಮೆಟಡೋರ್. ಹ್ಯಾಂಬರ್ಗಿನ ಕಂಪನಿಯೊಂದರ ಸಹಯೋಗದಲ್ಲಿ 1958ರಲ್ಲಿ ಆರಂಭವಾಗಿ, 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡ ಬಜಾಜ್ ಟೆಂಪೊದ ಆ ಚಪ್ಪಟೆ ಮೂಗಿನ ವಾಹನವನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ಚುನಾವಣೆ ಬಂದರೆ ಮತಪೆಟ್ಟಿಗೆ, ಮತಗಟ್ಟೆ ಸಿಬ್ಬಂದಿ, ಬಂದೋಬಸ್ತಿನ ಪೊಲೀಸರು ಎಲ್ಲರಿಗೂ ಅದೇ ಗತಿ. ನಾವೇ ಆದೇಶ ಹೊರಡಿಸಿ ಅವನ್ನು ವಶಕ್ಕೆ ಪಡೆಯುತ್ತಿದ್ದೆವು. ಒಳಗೆ ಎಷ್ಟು ಆಸನಗಳಿವೆಯೆಂದು ಆಗ ಯಾರೂ ಎಣಿಸುತ್ತಿರಲಿಲ್ಲ.

ಸಾಲುಸಾಲಾಗಿ ಮುಂದಕ್ಕೆ ಮುಖಮಾಡಿದ ಆಸನಗಳನ್ನು ತೆಗೆದು, ಎರಡೂ ಬದಿಗೆ ಕಬ್ಬಿಣದ ಆ್ಯಂಗಲ್ ಬೆಸೆದು, ಮೇಲೆ ಪ್ಲೈವುಡ್ ಹಲಗೆ, ತೆಂಗಿನ ನಾರು, ರೆಕ್ಸಿನ್ ಹೊದಿಸಿ ಉದ್ದನೆಯ ಬೆಂಚು ಮಾಡುವುದು. ನಡುವೆ ನೆಲ ಖಾಲಿ. ಇದೇ ಆ ಮಾರ್ಪಾಡು. ಮೇಲ್ನೋಟಕ್ಕೆ ಒರಟು ಕೆಲಸವಾದರೂ ಅದರ ಹಿಂದೆ ಲೆಕ್ಕಾಚಾರವಿತ್ತು. ಖಾಲಿ ನೆಲದಲ್ಲಿ ಹತ್ತಿಯ ಅಂಡಿಗೆ, ಜೋಳದ ಚೀಲ, ಕುಡಗೋಲು, ಬುತ್ತಿಗಂಟು ಹಿಡಿಸುತ್ತವೆ. ಮಕ್ಕಳು ಅಲ್ಲಿಯೇ ಮಲಗುತ್ತಾರೆ. ವಾಹನದ ಸಾಲದ ಕಂತು ಎಷ್ಟು ಜನ ಕುಳಿತರೂ ಅಷ್ಟೇ. ಹಾಗಾಗಿ ಹದಿಮೂರನೆಯ ಪ್ರಯಾಣಿಕನಿಂದ ಮಾಲೀಕನಿಗೆ ತಗಲುವ ಹೆಚ್ಚುವರಿ ವೆಚ್ಚ ಸೊನ್ನೆಗೆ ಹತ್ತಿರ, ಬರುವ ಬಾಡಿಗೆ ಪೂರ್ತಿ ಲಾಭ. ಅಪಾಯದ ವೆಚ್ಚವನ್ನು ಮಾತ್ರ ಬೆಂಚಿನ ಮೇಲೆ ಕುಳಿತವರು ಭರಿಸುತ್ತಾರೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಬಾಹ್ಯ ಪರಿಣಾಮ ಎಂಬ ಪರಿಕಲ್ಪನೆಗೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಾಣಲಿಲ್ಲ.

ಒಮ್ಮೆ ಸಂಜೆ ತಪಾಸಣೆಗೆ ನಿಂತು ಇಂತಹ ಒಂದು ಮೆಟಡೋರಿಗೆ ದಂಡ ಹಾಕಿಸಿದೆ. ಮರುದಿನ ಬೆಳಿಗ್ಗೆ ಅದೇ ವಾಹನ, ಅದೇ ಬೆಂಚುಗಳು, ಅದರಿಂದಿಳಿದವರಲ್ಲಿ ನಮ್ಮ ಕಚೇರಿಯ ಇಬ್ಬರು ಗುಮಾಸ್ತರೂ ಇದ್ದರು. ದಂಡವೆಂಬುದು ಆ ವ್ಯವಹಾರದಲ್ಲಿ ಡೀಸೆಲಿನಂತೆ ಒಂದು ಖರ್ಚಿನ ಬಾಬತ್ತು ಅಷ್ಟೇ.

ಕಾನೂನು ಅಂದಿನಿಂದ ಬಹಳ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಮಾರ್ಪಾಡು ಮಾಡಲು ಅವಕಾಶ ಕೊಟ್ಟಿತ್ತು. 2000ದ ತಿದ್ದುಪಡಿಯ ಬಳಿಕ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಯಾರೂ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ವಿಧಿಸಿತು.

ಕಾನೂನಿನ ಉದ್ದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. ಬದಿಗೆ ಮುಖಮಾಡಿದ ಬೆಂಚಿನಲ್ಲಿ ಬೆಲ್ಟಿಲ್ಲದೆ ಕುಳಿತವನು ಡಿಕ್ಕಿಯಾದಾಗ ಎಲ್ಲಿಗೆ ಎಸೆಯಲ್ಪಡುತ್ತಾನೆಂಬುದನ್ನು ವಿವರಿಸಬೇಕಿಲ್ಲ. ಕಳಪೆ ಬೆಸುಗೆಯ ಬೆಂಚೇ ಆಯುಧವಾಗುತ್ತದೆ. ಚಾವಣಿಯ ಮೇಲಿನ ಹೊರೆ ವಾಹನದ ಗುರುತ್ವ ಕೇಂದ್ರವನ್ನೇ ಮೇಲೇರಿಸುತ್ತದೆ. ಮೂಲದ ಆಸನಗಳೇ ಇದ್ದರೂ ಮಿತಿಮೀರಿ ತುಂಬಿದರೆ ಫಲ ಅದೇ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಕೂಲಿಕಾರರ ವಾಹನ ಲಾರಿಗೆ ಡಿಕ್ಕಿಯಾಗಿ 9 ಮಂದಿ ಪ್ರಾಣ ತೆತ್ತರು. ಅದರಲ್ಲಿದ್ದವರು 20ಕ್ಕೂ ಹೆಚ್ಚು. ಕಾಯ್ದೆಯ ಪ್ರಕಾರ ಮ್ಯಾಕ್ಸಿ ಕ್ಯಾಬಿನಲ್ಲಿ ಚಾಲಕನನ್ನು ಬಿಟ್ಟು ಕೂರಬಹುದಾದವರು ಹೆಚ್ಚೆಂದರೆ 12.

ಆದರೆ ಬಿಗಿಯಾದ ಕಾನೂನಿನಿಂದ ಬೆಂಚುಗಳು ಮಾಯವಾದವೇ? ಮೆಟಡೋರ್ ಹೋಯಿತು, ಕ್ರೂಸರ್ ಬಂದಿತು. 1984ರಲ್ಲಿ ಬಂದ ಮಾರುತಿ ವ್ಯಾನ್ ಓಮ್ನಿಯಾಗಿ, ಆಂಬುಲೆನ್ಸ್ ಆಗಿ, ಶಾಲಾ ಮಕ್ಕಳ ಗಾಡಿಯಾಗಿ ನಾನಾ ಅವತಾರವೆತ್ತಿ, ಹೊಸ ಸುರಕ್ಷತಾ ನಿಯಮಗಳೆದುರು 2019ರಲ್ಲಿ ತನ್ನ ತಯಾರಿಕೆಯನ್ನು ನಿಲ್ಲಿಸಿಕೊಂಡಿತು. ಬ್ರೆಜಿಲ್‌ನಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಕತೆಯೂ 2013ರಲ್ಲಿ ಹೀಗೆಯೇ ಮುಗಿದಿತ್ತು. ಓಮ್ನಿ ಹೋದರೇನು, ಸರಕು ಸಾಗಿಸುವ ಪುಟ್ಟ ಗಾಡಿಗಳಲ್ಲಿ ಇಂದು ಹೆಣ್ಣುಮಕ್ಕಳು ನಿಂತುಕೊಂಡು ಹೊಲಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಬೆಂಚೂ ಇಲ್ಲ. ಇದನ್ನು ಪ್ರಗತಿಯೆನ್ನಲು ನನಗೆ ಧೈರ್ಯ ಸಾಲದು.

ಕಳೆದ ಬಾರಿ ಆ ಕಡೆ ಹೋಗಿದ್ದಾಗ ಬೆಸುಗೆ ಅಂಗಡಿಯೊಂದರ ಮುಂದೆ ನಿಂತೆ. ನನ್ನ ಹಳೆಯ ಹುದ್ದೆಯನ್ನು ಯಾರೋ ಹೇಳಿರಬೇಕು. ಕೆಲಸಗಾರ ತಲೆಯೆತ್ತಿ, ‘ತಪ್ಪಂತ ಎಲ್ಲಾರೂ ಹೇಳ್ತಾರ್ರಿ, ಹ್ಯಾಂಗ ಮಾಡಿದ್ರ ಸರಿ ಅಂತ ಒಬ್ಬರೂ ಹೇಳವಲ್ರು’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರಕ್ಕೆ ಆಧಾರ ಕಾನೂನಿನಲ್ಲಿಯೇ ಇದೆ. ಪೆಟ್ರೋಲ್ ವಾಹನಕ್ಕೆ ಮಾನ್ಯತೆ ಪಡೆದ ಗ್ಯಾಸ್ ಕಿಟ್ ಅಳವಡಿಸಲು ಅವಕಾಶವಿದೆ. ಅಂಗವಿಕಲರ ಅನುಕೂಲಕ್ಕೆ ತಕ್ಕಂತೆ ವಾಹನವನ್ನು ಮಾರ್ಪಡಿಸಲು ಅನುಮತಿ ಸಿಗುತ್ತದೆ. ಅಂದಮೇಲೆ ಕೂಲಿಕಾರರನ್ನು ಒಯ್ಯುವ ನಾಲ್ಕಾರು ಮಾದರಿಯ ವಾಹನಗಳಿಗೆ, ಮುಂದಕ್ಕೆ ಮುಖಮಾಡಿದ, ಬೆಲ್ಟ್ ಇರುವ, ಮರಳುವಾಗ ಮಡಚಿ ಹತ್ತಿಯನ್ನು ಹೇರಬಹುದಾದ ಆಸನದ ಕಿಟ್ ಒಂದನ್ನು ಪುಣೆಯ ವಾಹನ ಸಂಶೋಧನಾ ಸಂಸ್ಥೆ ಏಕೆ ರೂಪಿಸಬಾರದು? ಶ್ರೀಮಂತರ ಕ್ಯಾರವಾನ್‌ಗೆ ಪ್ರತ್ಯೇಕ ಮಾನದಂಡವನ್ನು ಬರೆಯಲು ಸಾಧ್ಯವಾದ ದೇಶ ಇದು. ಅಳವಡಿಸುವ ಅಂಗಡಿಗಳನ್ನು ಜಿಲ್ಲಾ ಮಟ್ಟದಲ್ಲಿ ನೋಂದಾಯಿಸಿ, ಆ ಬೆಸುಗೆಯವನಿಗೂ ತರಬೇತಿ ಕೊಡಬಹುದು. ಒಂದು ಗಾಡಿಯಲ್ಲಿ ಕೂರುವವರ ಸಂಖ್ಯೆ ಇದರಿಂದ ಇಳಿಯುತ್ತದೆ, ಬಾಡಿಗೆ ಏರುತ್ತದೆ ಎಂಬ ಆಕ್ಷೇಪ ನಿಜ. ಆ ವ್ಯತ್ಯಾಸದ ಒಂದು ಪಾಲನ್ನು ಸರ್ಕಾರ ಭರಿಸುವುದು ನ್ಯಾಯ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ಸಿನ ಟಿಕೆಟ್ಟನ್ನೇ ಉಚಿತ ಮಾಡಲಿಲ್ಲವೇ? ಆದರೆ ಬಸ್ಸು ಹೊಲದವರೆಗೆ ಬರುವುದಿಲ್ಲ, ಹತ್ತಿ ಬಿಡಿಸುವವರು ಹೊರಡುವ ಹೊತ್ತಿಗೂ ಬರುವುದಿಲ್ಲ. ಸುಗ್ಗಿಯ ಮೂರು ತಿಂಗಳಾದರೂ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ವಡಗೇರಾ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ಬೆಳಗಿನ ಆರು ಗಂಟೆಗೆ ಒಂದೊಂದು ಬಸ್ಸು ಬಿಡಲಿ. ಎಷ್ಟು ಜನ ಹತ್ತುತ್ತಾರೆಂಬುದು ಮೊದಲ ವಾರದಲ್ಲಿಯೇ ತಿಳಿಯುತ್ತದೆ.